ಸುಡುವ ಗೊಂಬೆಗೊಂದು ಕೋಟು

ಬೆಳಗ್ಗೆ ಎದ್ದು ಮುಖ ತೊಳೆದವಳು ಮೊದಲು ಹೋಗುತ್ತಿದ್ದುದು ಹೊಲಿಗೆ ಯಂತ್ರದ ಹತ್ತಿರ. ಒದ್ದೆ ಬಟ್ಟೆಯಿಂದ ಅದರ ಕತ್ತು, ಚಕ್ರ, ತುಳಿಯುವ ಹಲಗೆ ಎಲ್ಲವನ್ನೂ ಒರೆಸಿ, ಆಮೇಲೆ ಕಿಟಕಿಯ ಅಂಚನ್ನು ಒರೆಸುತ್ತಿದ್ದಳು. ಬಿಳಿ ಬಟ್ಟೆ ಕಪ್ಪಗಾಗುತ್ತಿತ್ತು. ವಿದ್ಯುತ್ ಸ್ಥಾವರದ ಚಿಮಣಿ ಊರ ಮೇಲೆ ಉದುರಿಸುತ್ತಿದ್ದ ಬೂದಿ ಅದು. ಒರೆಸಿದ ಮೇಲೆ ಕಣ್ಣು ಮುಚ್ಚಿ, ತುಟಿ ಅಲುಗಿಸದೆ ದೇವರ ಹತ್ತಿರ ಒಂದು ಮಾತು ಆಡಿ, ಸೂಜಿಗೆ ದಾರ ಪೋಣಿಸುತ್ತಿದ್ದಳು. ಜ್ವರ ಬಂದ ದಿನವೂ, ಮದುವೆಯಾಗಿ ಬಂದ ಮರುದಿನವೂ ಇದು ತಪ್ಪಿರಲಿಲ್ಲ. "ಮೊದಲು ಗಂಡನಿಗೆ ಕಾಫಿ ಕೊಡೇ, ಆ ಯಂತ್ರ ಎಲ್ಲೂ ಓಡಿಹೋಗಲ್ಲ" ಎಂದು ಅತ್ತೆ ಆಗ ಗೊಣಗಿದ್ದರು. ಈಗಲೂ ಗೊಣಗುತ್ತಾರೆ.

ಬೀದಿಗೆಲ್ಲ ಅವಳು ಟೇಲರಕ್ಕ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಆದರೆ ಟ್ರಯಲ್ ನೋಡದೆ ಯಾರಿಗೂ ಬಟ್ಟೆ ಕೊಟ್ಟವಳಲ್ಲ. ಕಚ್ಚಾ ಹೊಲಿಗೆ ಹಾಕಿದ ತಕ್ಷಣ ತೊಡುವವರನ್ನು ಕರೆಸಬೇಕು, ಮೋಟು ಸ್ಟೂಲಿನ ಮೇಲೆ ನಿಲ್ಲಿಸಬೇಕು, ಸುತ್ತ ಗುಂಡುಪಿನ್ನು ಚುಚ್ಚಬೇಕು. ಆಮೇಲೇ ಗಟ್ಟಿ ಹೊಲಿಗೆ. ಕಾಲು ಮುರಿದುಕೊಂಡು ಮಲಗಿದ್ದ ಮದುಮಗನೊಬ್ಬನಿಗೆ ಆಸ್ಪತ್ರೆಗೇ ಹೋಗಿ, ನರ್ಸಿನ ಕೈಲಿ ಬೈಸಿಕೊಂಡು, ಮಂಚದ ಮೇಲೇ ಟ್ರಯಲ್ ಮುಗಿಸಿ ಬಂದಿದ್ದಳು.

ಅವಳ ಗಿರಾಕಿಗಳಲ್ಲಿ ಊರಿನ ಶಾಸಕಿಯೂ ಒಬ್ಬಳು. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಆಗ ಕಡ್ಡಿಯಂತಿದ್ದ ಶಾಸಕಿಗೆ ಗುಬ್ಬಿ ಅಂತ ಹೆಸರಿಟ್ಟವಳು ಟೇಲರಕ್ಕನೇ. ಗುಬ್ಬಿ ಈಗ ಎರಡು ಕುರ್ಚಿಯಷ್ಟು ಅಗಲವಾಗಿದ್ದರೂ ಹೆಸರು ಹಾಗೇ ಉಳಿದಿತ್ತು.

ಆ ಗುಬ್ಬಿ ವಿಧಾನಸಭೆಯಲ್ಲಿ ಒಂದು ದಿನ ಕೈ ಎತ್ತಿಬಿಟ್ಟಳು. ಕಲ್ಲಿದ್ದಲು ಸುಡುವ ಹಳೆಯ ಬಾಯ್ಲರುಗಳನ್ನು ಮುಚ್ಚಿ, ಗಾಳಿ ಬಿಸಿಲಿನಿಂದ ವಿದ್ಯುತ್ ತೆಗೆಯಬೇಕು ಎನ್ನುವ ಮಸೂದೆಯ ಪರವಾಗಿ. ಅವಳ ಪಕ್ಷದವರೇ ಕೆಲವರು ಮೇಜು ನೋಡುತ್ತ ಕೂತಿದ್ದರೆ ಇವಳ ನೀಲಿ ಕೋಟಿನ ತೋಳು ಮಾತ್ರ ಟಿವಿಯ ತುಂಬ ಎದ್ದು ನಿಂತಿತ್ತು. ಮಸೂದೆ ಪಾಸಾಯಿತು, ಊರು ಬಾಯಿ ಬಿಟ್ಟುಕೊಂಡು ನೋಡಿತು. ಟೇಲರಕ್ಕನಿಗೆ ಮೊದಲು ಹೊಳೆದದ್ದು, "ಅಯ್ಯೋ, ಕಂಕುಳಲ್ಲಿ ಬಿಗಿಯಾಗಿದೆ" ಅಂತ. ಪಕ್ಕದಲ್ಲಿ ಕೂತಿದ್ದ ಯಜಮಾನರ ಮುಖ ನೋಡಿದ ಮೇಲಷ್ಟೇ ವಿಷಯ ತಲೆಗೆ ಹೋಯಿತು. ಅವರು ಸ್ಥಾವರದ ಅಂಗಳದಲ್ಲಿ ಕಲ್ಲಿದ್ದಲು ಎತ್ತುವ ಕ್ರೇನ್ ಓಡಿಸುವವರು. ಬಾಯ್ಲರ್ ನಿಂತರೆ ಕ್ರೇನೂ ನಿಲ್ಲುತ್ತದೆ. ಅವತ್ತು ತಟ್ಟೆಯಲ್ಲಿ ಅರ್ಧ ಊಟ ಉಳಿಯಿತು, ಮರುದಿನವೂ ಉಳಿಯಿತು.

ಊರು ಸುಮ್ಮನಿರಲಿಲ್ಲ. ಶಾಸಕಿಯ ಕಚೇರಿಯ ಫಲಕಕ್ಕೆ ಟಾರು ಬಿತ್ತು. ಹೋಟೆಲಿನವನು ಅವಳ ಜೊತೆ ತೆಗೆಸಿಕೊಂಡಿದ್ದ ಫೋಟೋವನ್ನು ಬಿಸಾಡಲು ಮನಸ್ಸು ಬಾರದೆ ಗೋಡೆಗೆ ಮುಖ ಮಾಡಿ ತೂಗುಹಾಕಿದ. ಗುಬ್ಬಿ ಯಾರ ಕೈಗೂ ಸಿಗದೆ ಹಿಂಬಾಗಿಲಿನಿಂದ ಓಡಾಡತೊಡಗಿದಳು. ಕೊನೆಗೆ ಕಾರ್ಮಿಕ ಸಂಘದ ಕಾರ್ಯದರ್ಶಿ ಟೇಲರಕ್ಕನ ಅಂಗಡಿಗೆ ಬಂದ. ಮೈಕು ಕೆಟ್ಟರೂ ಅವನ ದನಿ ಹಿಂದಿನ ಸಾಲಿಗೆ ಮುಟ್ಟುತ್ತಿತ್ತು, ಹಾಗಾಗಿ ಎಲ್ಲರೂ ಅವನನ್ನು ಗುಡುಗಣ್ಣ ಎನ್ನುತ್ತಿದ್ದರು. ಅವನ ಹೆಗಲ ಮೇಲೆ ಹುಲ್ಲು ತುಂಬಿದ ದಪ್ಪನೆಯ ಗೊಂಬೆ, ಕಂಕುಳಲ್ಲಿ ನೀಲಿ ಬಟ್ಟೆಯ ತುಂಡು.

"ಅಕ್ಕಾ, ಶನಿವಾರ ಗೇಟಿನ ಮುಂದೆ ಪ್ರತಿಕೃತಿ ದಹನ. ಇದಕ್ಕೆ ಅದೇ ಥರದ ಕೋಟು ಬೇಕು. ನೋಡಿದ ತಕ್ಷಣ ಅವಳೇ ಅನ್ನಿಸ್ಬೇಕು. ನಿಮ್ಮ ಕೈ ಬಿಟ್ರೆ ಬೇರೆ ಯಾರಿಂದ ಆಗುತ್ತೆ?"

"ಸುಡೋಕೆ ಕೋಟು ಯಾಕಪ್ಪಾ? ಗೋಣಿಚೀಲ ಸುತ್ತಿ."

"ಗೋಣಿಚೀಲ ಸುತ್ತಿದ್ರೆ ನಮ್ಮ ಮ್ಯಾನೇಜರ್ ಥರ ಕಾಣುತ್ತೆ!"

ಟೇಲರಕ್ಕ ಗಂಡನ ಅರ್ಧ ಉಳಿದ ತಟ್ಟೆಯನ್ನು ನೆನೆದಳು. ಗುಬ್ಬಿಯ ಮೇಲೆ ಅವಳಿಗೂ ಸಿಟ್ಟು ಬಂದಿತ್ತು. ಒಪ್ಪಿಕೊಂಡಳು.

ಒಮ್ಮೆ ಕತ್ತರಿ ಹಿಡಿದ ಮೇಲೆ ಕೈ ಸಿಟ್ಟನ್ನು ಮರೆಯಿತು. ಕಾಲರು ಕೂತ ಬಗೆಗೆ ತಾನೇ ಮೆಚ್ಚಿ ತಲೆದೂಗಿದಳು. ಕಚ್ಚಾ ಹೊಲಿಗೆ ಮುಗಿಯುತ್ತಲೇ ಬಾಯಲ್ಲಿ ಪಿನ್ನು ಕಚ್ಚಿಕೊಂಡು ಫೋನ್ ಎತ್ತಿದಳು. "ಗುಬ್ಬೀ, ಕೋಟು ಕಚ್ಚಾ ಆಗಿದೆ. ಟ್ರಯಲ್‌ಗೆ ಬಂದು ಹೋಗೇ."

ಫೋನ್ ಇಟ್ಟ ಮೇಲೆ ಬಾಗಿಲ ಬಳಿ ಕೂತಿದ್ದ ಅತ್ತೆ ಕೇಳಿದರು. "ಯಾರನ್ನೇ ಕರೆದದ್ದು?"

"ಗುಬ್ಬೀನ."

"ಯಾವ ಕೋಟಿಗೆ?"

ಟೇಲರಕ್ಕ ಕೈಯಲ್ಲಿದ್ದ ಕೋಟು ನೋಡಿದಳು, ಮೂಲೆಯಲ್ಲಿ ನಿಂತಿದ್ದ ಗೊಂಬೆಯನ್ನು ನೋಡಿದಳು. ಪಿನ್ನುಗಳೆಲ್ಲ ಬಾಯಿಂದ ಉದುರಿದವು.

"ಅಯ್ಯೋ ಮಹರಾಯ್ತಿ! ಸುಡೋ ಗೊಂಬೆ ಕೋಟಿಗೆ ಅವಳನ್ನೇ ಅಳತೆಗೆ ಕರೆದ್ಯಾ?" ಅತ್ತೆ ಹಣೆ ಚಚ್ಚಿಕೊಂಡರು. ಮರುಗಳಿಗೆಯೇ ಸೆರಗು ಬಾಯಿಗೆ ತುರುಕಿಕೊಂಡು ಮೈ ಕುಲುಕಿಸಿ ನಗತೊಡಗಿದರು.

"ನಗಬೇಡಿ ಅತ್ತೆ! ಏನ್ ಮಾಡ್ಲಿ ಈಗ? ಮತ್ತೆ ಫೋನ್ ಮಾಡ್ಲಾ?"

ಅಷ್ಟರಲ್ಲಿ ಯಾರೋ ಹಿಂಬಾಗಿಲು ತಟ್ಟಿದರು. ವಾರದಿಂದ ಬೈಗುಳ ಬಿಟ್ಟು ಬೇರೆ ಫೋನು ಬಾರದ ಗುಬ್ಬಿಗೆ ಈ ಕರೆ ಹಾಲು ಕುಡಿದಷ್ಟು ಸಂತೋಷ ಕೊಟ್ಟಿತ್ತು. ತಲೆಗೆ ಶಾಲು ಸುತ್ತಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ಯಾರಿಗೂ ಗುರುತು ಸಿಗಬಾರದು ಅಂತ ಮಾಡಿಕೊಂಡ ಆ ವೇಷದಲ್ಲಿ ಊರಿಗೆಲ್ಲ ಎದ್ದು ಕಾಣುತ್ತ ಬಂದಿದ್ದಳು.

"ನೀನೊಬ್ಬಳಾದ್ರೂ ನನ್ನ ನೆನೆಸ್ಕೊಂಡೆಯಲ್ಲೇ!" ಎಂದವಳೇ ಪರದೆಯ ಹಿಂದೆ ಹೋಗಿ, ಸ್ಟೂಲು ಹತ್ತಿ, ಕೋಟು ತೊಟ್ಟು ಕೈ ಚಾಚಿ ನಿಂತಳು. ಟೇಲರಕ್ಕನ ಕೈ ತನ್ನ ಪಾಡಿಗೆ ಪಿನ್ನು ಚುಚ್ಚುತ್ತ ಹೋಯಿತು. ತೋಳು, ಬೆನ್ನು, ಸೊಂಟ.

"ಆ ಮೂಲೇಲಿ ನಿಂತಿರೋದು ಯಾರೇ?" ಗುಬ್ಬಿ ಪರದೆಯ ಸಂದಿಯಿಂದ ನೋಡಿ ಕೇಳಿದಳು.

ದೇವರು ಟೇಲರಕ್ಕನ ನಾಲಿಗೆಗೆ ಸುಳ್ಳನ್ನು ಕಲಿಸಿರಲಿಲ್ಲ. "ನೀನೇ."

"ಅಂದ್ರೆ?"

"ಶನಿವಾರ ನಿನ್ನ ಸುಡ್ತಾರೆ. ಇದು ಅದರ ಕೋಟು. ಅಭ್ಯಾಸಬಲ ಕಣೇ, ಟ್ರಯಲ್‌ಗೆ ಕರೆದುಬಿಟ್ಟೆ."

ಗುಬ್ಬಿ ಗೊಂಬೆಯನ್ನು ದಿಟ್ಟಿಸಿದಳು. ಆಮೇಲೆ, "ನಾನು ಅಷ್ಟು ದಪ್ಪ ಇದ್ದೀನೇನೇ?" ಎಂದು ನಗತೊಡಗಿದಳು. ನಕ್ಕಾಗ ಹೊಟ್ಟೆ ಉಬ್ಬಿತು, ಪಿನ್ನು ಚುಚ್ಚಿತು. "ಅಮ್ಮಾ!" ಅಂದಳು, ಮತ್ತೆ ನಕ್ಕಳು, ಮತ್ತೆ ಚುಚ್ಚಿಸಿಕೊಂಡಳು. ಆಚೆಯಿಂದ ಅತ್ತೆಯ ನಗುವೂ ಸೇರಿಕೊಂಡಿತು.

ಅಷ್ಟು ಹೊತ್ತಿಗೇ ಬೀದಿಯಲ್ಲಿ ಗುಡುಗು ಕೇಳಿಸಿತು. ಗೊಂಬೆ ಕೆಲಸ ಎಲ್ಲಿಗೆ ಬಂತು ನೋಡಲು ಸಂಘದವರನ್ನೆಲ್ಲ ಕಟ್ಟಿಕೊಂಡು ಗುಡುಗಣ್ಣ ಬಂದಿದ್ದ. ಹಿಂದೆ ಟೇಲರಕ್ಕನ ಯಜಮಾನರೂ ಇದ್ದರು.

"ಅಕ್ಕಾ! ಶಾಸಕಿ ರೆಡಿ ಆದ್ಲಾ?"

ಉತ್ತರ ಕೊಟ್ಟವಳು ಪರದೆಯ ಹಿಂದಿದ್ದ ಗುಬ್ಬಿ. "ಇನ್ನೊಂದು ತೋಳು ಬಾಕಿ ಇದೆ, ತಡೀರಿ."

ಗುಡುಗಣ್ಣ ಪರದೆ ಸರಿಸಿದ. ಮೂರು ದಿನ ಬಾಗಿಲು ತಟ್ಟಿದರೂ ಸಿಗದವಳು ಸ್ಟೂಲಿನ ಮೇಲೆ ಎರಡೂ ಕೈ ಚಾಚಿ, ಮೈಯೆಲ್ಲ ಪಿನ್ನಾಗಿ ನಿಂತಿದ್ದಳು. ಓಡುವ ಹಾಗಿಲ್ಲ, ಕೂರುವ ಹಾಗೂ ಇಲ್ಲ. ಮೆರವಣಿಗೆಯಲ್ಲಿ 'ಅವಳು ಇವಳು' ಅನ್ನುತ್ತಿದ್ದ ಗುಡುಗಣ್ಣನ ಬಾಯಿಂದ ಬಂದದ್ದು, "ನಮಸ್ಕಾರ ಮೇಡಂ."

"ನಮಸ್ಕಾರ. ಕೈ ಮುಗಿಯೋಕಾಗಲ್ಲ, ಚುಚ್ಚುತ್ತೆ."

ಯಾರೋ ಕಿಸಕ್ಕೆಂದರು. ಗುಡುಗಣ್ಣ ಸಾವರಿಸಿಕೊಂಡು ಎದೆ ಉಬ್ಬಿಸಿದ. "ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೆದ್ರಿ, ಹೇಳಿ!"

"ಬೇಸಿಗೆ ವರ್ಷ ವರ್ಷ ಕುದೀತಿದೆ. ಮಕ್ಕಳು ಕೆಮ್ಮುತ್ತಾ ಸ್ಕೂಲಿಗೆ ಹೋಗ್ತಿವೆ. ಆ ಬಾಯ್ಲರ್ ನನ್ನ ವಯಸ್ಸಿಂದು ಗುಡುಗಣ್ಣ, ನನ್ನ ಥರಾನೇ ಏದುಸಿರು ಬಿಡುತ್ತೆ. ಕೈ ಎತ್ತಿದ್ದಕ್ಕೆ ನಂಗೆ ಬೇಜಾರಿಲ್ಲ. ನಿಮ್ಮ ಮುಂದೆ ಬರದೆ ಬಚ್ಚಿಟ್ಟುಕೊಂಡೆನಲ್ಲ, ಅದಕ್ಕೆ ನಾಚಿಕೆ ಆಗ್ತಿದೆ."

ಆಗ ಯಜಮಾನರು ಮುಂದೆ ಬಂದರು. ಮನೆಯಲ್ಲೂ ಹೆಚ್ಚು ಮಾತಾಡದವರು. "ಕ್ರೇನ್ ಬಿಟ್ರೆ ನಂಗೆ ಬೇರೆ ಕೆಲಸ ಗೊತ್ತಿಲ್ಲಮ್ಮ. ಹೊಸ ಕೆಲಸ ಕೊಡ್ತೀವಿ ಅಂತ ಕಾನೂನಲ್ಲಿ ಇದೆಯಂತೆ. ಹಳೇದು ಹೋಗೋ ಮೊದಲೋ, ಹೋದ ಮೇಲೋ?"

ಟೇಲರಕ್ಕನ ಕೈ ನಿಂತಿತು. ಗುಬ್ಬಿ ಅವರ ಕಡೆ ತಿರುಗಿದಳು. "ಅದು ಅದರಲ್ಲಿ ಬರೆದಿಲ್ಲ. ನಂಗೂ ಗೊತ್ತಿಲ್ಲ."

ರಾಜಕಾರಣಿಯ ಬಾಯಲ್ಲಿ 'ಗೊತ್ತಿಲ್ಲ' ಅನ್ನುವ ಮಾತನ್ನು ಆ ಗುಂಪು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬೈಯಲು ತಯಾರಾಗಿ ಬಂದಿದ್ದ ಬಾಯಿಗಳು ಹಾಗೇ ತೆರೆದುಕೊಂಡು ನಿಂತವು.

"ಹಾಗಾದ್ರೆ ಗೇಟಿಗೆ ಬಂದು ಎಲ್ಲರೆದುರು ಹೇಳಿ," ಅಂದ ಗುಡುಗಣ್ಣ.

"ನಡೀರಿ, ಈಗಲೇ."

"ಕೋಟು ಬಿಚ್ಚೇ, ಪಿನ್ನು ಇದೆ!" ಎಂದು ಟೇಲರಕ್ಕ ಕೂಗಿದ್ದು ಆ ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಊರು ಅಂಥ ಮೆರವಣಿಗೆಯನ್ನು ಕಂಡಿರಲಿಲ್ಲ. ಮುಂದೆ ಹುಲ್ಲಿನ ಶಾಸಕಿ, ಹಿಂದೆ ನಿಜವಾದ ಶಾಸಕಿ, ಅವಳ ಬೆನ್ನಿಗೆ ಪಿನ್ನಿನ ದಿಂಬು ಹಿಡಿದು ಓಡುತ್ತಿದ್ದ ಟೇಲರಕ್ಕ, ಎಲ್ಲರಿಗಿಂತ ಹಿಂದೆ ಚಪ್ಪಲಿ ಅದಲುಬದಲಾಗಿ ಹಾಕಿಕೊಂಡ ಅತ್ತೆ. ಆವೇಶ ಬಂದಾಗಲೆಲ್ಲ ಗುಡುಗಣ್ಣ ಶಾಸಕಿಯ ತೋಳು ಹಿಡಿಯುತ್ತಿದ್ದ, ಹಿಡಿದಾಗಲೆಲ್ಲ ಚೀರುತ್ತಿದ್ದ. "ಧಿಕ್ಕಾ... ಅಯ್ಯಯ್ಯೋ!"

ಗೇಟಿನ ಮುಂದೆ ಗುಬ್ಬಿ ಎಲ್ಲವನ್ನೂ ಹೇಳಿದಳು. ಹೊಸ ಕೆಲಸ ಕೈಗೆ ಬರುವ ತನಕ ಯಾರ ಹಳೆಯ ಕೆಲಸವೂ ಹೋಗಬಾರದು ಎಂಬ ತಿದ್ದುಪಡಿಯನ್ನು ಮುಂದಿನ ಅಧಿವೇಶನದಲ್ಲಿ ತರುತ್ತೇನೆ, ಗೆಲ್ಲುತ್ತದೋ ಇಲ್ಲವೋ ಭರವಸೆ ಕೊಡಲಾರೆ, ಅಂದಳು. ಅರ್ಧ ಜನ ಚಪ್ಪಾಳೆ ತಟ್ಟಿದರು, ಅರ್ಧ ಜನ ಧಿಕ್ಕಾರ ಕೂಗಿದರು. ತಂದ ಗೊಂಬೆಯನ್ನು ಹಾಗೇ ವಾಪಸ್ ಒಯ್ಯುವುದು ಹೇಗೆ ಎಂದು ಗುಡುಗಣ್ಣ ಶನಿವಾರಕ್ಕೂ ಕಾಯದೆ ಬೆಂಕಿ ಹಚ್ಚಿಯೇ ಹಚ್ಚಿದ. ಹುಲ್ಲು ಹಸಿಯಾಗಿತ್ತು. ಉರಿ ಬರಲಿಲ್ಲ, ಹೊಗೆ ಬಂತು. ಸುಡುವವರು, ಸುಡಿಸಿಕೊಂಡವಳು, ಕಾವಲಿನ ಪೊಲೀಸರು ಎಲ್ಲರೂ ಕಣ್ಣೊರೆಸಿಕೊಳ್ಳುತ್ತ ಕೆಮ್ಮಿದರು.

"ಬಾಯ್ಲರೇ ವಾಸಿ ಕಣ್ರೋ, ಅದಕ್ಕೆ ಚಿಮಣಿಯಾದ್ರೂ ಇದೆ!" ಎಂದು ಅತ್ತೆ ಬೈದಾಗ ಗುಡುಗಣ್ಣನಿಗೇ ನಗು ತಡೆಯಲಾಗಲಿಲ್ಲ. ಟೇಲರಕ್ಕ ಗಂಡನ ಕಡೆ ನೋಡಿದಳು. ಅವರೂ ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. ಅವತ್ತು ತಟ್ಟೆ ಖಾಲಿಯಾಯಿತು.

ಮರುವಾರ ಗುಬ್ಬಿ ಮುಂಬಾಗಿಲಿನಿಂದಲೇ ಬಂದಳು. ಕೂತವಳು ದನಿ ತಗ್ಗಿಸಿದಳು.

"ನೋಡೇ, ತಿದ್ದುಪಡಿ ಏನಾಗುತ್ತೋ ಆ ದೇವರಿಗೇ ಗೊತ್ತು. ಗಾಳಿ ವಿದ್ಯುತ್ತಿನ ಹೊಸ ಕಂಪನಿಯವರು ನನ್ನ ಮಾತು ಕೇಳ್ತಾರೆ. ಕ್ರೇನ್ ಓಡಿಸೋರು ಅವರಿಗೂ ಬೇಕು. ನಿಮ್ಮ ಯಜಮಾನರನ್ನ ಈಗಲೇ ಸೇರಿಸಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಯಂತ್ರ ನಿಂತಿತು. ಬೇಕು ಎನ್ನುವ ಮಾತು ಟೇಲರಕ್ಕನ ತುಟಿಯ ತನಕ ಬಂದಿತ್ತು. ಸುಳ್ಳು ಹೇಳಬಾರದಲ್ಲ, ತುಂಬಾ ಬೇಕಾಗಿತ್ತು. ಬಾಗಿಲಲ್ಲಿ ಯಜಮಾನರು ಕಾಫಿ ಲೋಟ ಹಿಡಿದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಅವಳು ಅವರ ಮುಖ ನೋಡಿದಳು. ಅವರು ಬೇಡವೆಂಬಂತೆ ಮೆಲ್ಲಗೆ ತಲೆ ಅಲ್ಲಾಡಿಸಿ ಲೋಟವನ್ನು ಗುಬ್ಬಿಯ ಮುಂದಿಟ್ಟು ಹೋದರು.

"ಬೇಡ ಕಣೇ ಗುಬ್ಬಿ," ಅಂದಳು ಟೇಲರಕ್ಕ. "ಅವರು ಮೇಲೆ ಕೂತು ಕ್ರೇನ್ ಓಡಿಸ್ತಾರೆ. ಕೆಳಗೆ ನಿಂತು ಎತ್ತು, ಇಳಿಸು ಅಂತ ಕೈ ತೋರಿಸೋ ಜೊತೆಗಾರರನ್ನ ಬಿಟ್ಟು ಇವರೊಬ್ಬರೇ ಹೋದ್ರೆ, ಆಮೇಲೆ ಅವರ ಮುಖ ಹೇಗೆ ನೋಡೋದು? ಕೊಟ್ರೆ ಎಲ್ಲರಿಗೂ ಕೊಡಿಸು. ಕಾಫಿ ಕುಡಿ, ಆರಿಹೋಗುತ್ತೆ."