ಆಜಿಯ ಕೋಲಿನ ಗೆರೆಗಳು

ಬೇಸಿಗೆ ಬಂತೆಂದರೆ ಸಾಂಗ್ಲಿ ಬಸ್ ನಿಲ್ದಾಣದ ಎದುರು ಮಜ್ಜಿಗೆಯ ಗಾಡಿಯೊಂದು ನಿಲ್ಲುತ್ತದೆ. ಮೊನ್ನೆ ಗಾಡಿಯವನು ನನ್ನ ಲೋಟಕ್ಕೆ ಉಪ್ಪು ಕೊಂಚ ಹೆಚ್ಚೇ ಹಾಕಿಬಿಟ್ಟ. ಬಾಯಿಯ ಹತ್ತಿರ ತಂದೆ, ಕುಡಿಯಲಾಗಲಿಲ್ಲ. ಹುಳಿ ಮಜ್ಜಿಗೆ, ಉಪ್ಪು... ಆ ವಾಸನೆಗೆ ಒಬ್ಬ ಆಜಿಯ ನೆನಪು ಅಂಟಿಕೊಂಡಿದೆ.

ಆಗ ನಾನು ಮಿರಜಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಎಚ್‌ಐವಿ ಇರುವ ಮಕ್ಕಳು ತಿಂಗಳಿಗೊಮ್ಮೆ ಗುಳಿಗೆಗಾಗಿ ಬರುತ್ತಿದ್ದರು. ಅವರನ್ನು ತೂಗುವುದು, ಗೋಡೆಗೆ ನಿಲ್ಲಿಸಿ ಎತ್ತರ ನೋಡುವುದು, ಎರಡನ್ನೂ ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸ. ಔಷಧ ಹತ್ತುತ್ತಿಲ್ಲ ಎಂಬುದನ್ನು ಎಷ್ಟೋ ಸಲ ಮೊದಲು ಹೇಳುವುದು ಈ ಎರಡು ಅಂಕಿಗಳೇ.

ಆಜಿ ಮಿರಜಿನ ಹತ್ತಿರದ ಆರಗದ ಕಡೆಯವಳು, ಕುರಿ ಸಾಕುವ ಮನೆತನ. ಮಗ, ಸೊಸೆ ಇಬ್ಬರೂ ಅದೇ ಕಾಯಿಲೆಯಲ್ಲಿ ಹೋಗಿದ್ದರು, ಮೊಮ್ಮಗಳೊಬ್ಬಳು ಉಳಿದಿದ್ದಳು. ಹುಡುಗಿಗೆ ಎಂಟು ವರ್ಷ, ನೋಡಿದವರು ಐದು ಎನ್ನುತ್ತಿದ್ದರು. ಹೆಗಲ ಮೇಲೆ ಕಂಬಳಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹುಡುಗಿ. ಆಜಿ ಬರುತ್ತಿದ್ದದ್ದು ಹಾಗೆ.

ಒಂದು ತಿಂಗಳು ಹುಡುಗಿಯ ತೂಕ ಇಳಿದಿತ್ತು. ಹೊರಗೆ ಸಾಲು ಉದ್ದವಿತ್ತು, ನನಗೆ ಬೇಸರವಾಗಿತ್ತು. ಎಲುಬಿಲ್ಲದ ನಾಲಿಗೆ.

“ಆಜಿ, ಮುಂದಿನ ತಿಂಗಳೂ ಹಿಂಗ ಇಳೀತಂದ್ರ ಇಕಿನ್ನ ಹಾಸ್ಟೆಲಿಗೆ ಹಾಕಬೇಕಾಗ್ತೈತಿ ನೋಡ್ರಿ” ಎಂದುಬಿಟ್ಟೆ.

ಹಾಗೆ ಹಾಕುವ ಅಧಿಕಾರ ನನಗಿರಲಿಲ್ಲ. ಹೆದರಿಸಿದರೆ ಚೆನ್ನಾಗಿ ಉಣಿಸುತ್ತಾಳೆ ಎಂಬ ಲೆಕ್ಕ ಅಷ್ಟೇ. ಆಜಿ ಗುಳಿಗೆ ತೆಗೆದುಕೊಂಡು ಹೋದಳು.

ಅಲ್ಲಿಂದ ಮುಂದೆ ತೂಕ ಇಳಿಯಲಿಲ್ಲ. ನನ್ನ ಮಾತು ಕೆಲಸ ಮಾಡಿತು ಎಂದು ಒಳಗೊಳಗೇ ಬೀಗಿದೆ. ಗೋಡೆಯ ಪಟ್ಟಿಯಲ್ಲಿ ಎತ್ತರ ಮಾತ್ರ ಇದ್ದಲ್ಲೇ ಇತ್ತು. ಅದನ್ನು ತಿಂಗಳು ತಿಂಗಳು ನನ್ನ ಕೈಯಿಂದಲೇ ಬರೆದೆ, ನೋಡಲಿಲ್ಲ.

ಐದನೆಯ ತಿಂಗಳು ಹುಡುಗಿ ಸಾಲಿನಲ್ಲಿ ಕಾಲಿಗೆ ಕಾಲು ಹೆಣೆದುಕೊಂಡು ನಿಂತಿದ್ದಳು. ಮುಖವೆಲ್ಲ ಬೆವರು. ಬಚ್ಚಲಿಗೆ ಹೋಗಿ ಬಾ ಎಂದರೆ ಆಜಿ ತೋಳು ಹಿಡಿದು ನಿಲ್ಲಿಸಿದಳು.

“ತೂಕ ಆಗ್ಲಿರಿ ನರ್ಸಬಾಯಿ, ಆಮ್ಯಾಲ ಹೋಗ್ತಾಳ.”

ನಾನೇ ಕರೆದುಕೊಂಡು ಹೋದೆ. ಬರುವಾಗ ಬಾಗಿಲಲ್ಲೇ ಹುಡುಗಿ ವಾಂತಿ ಮಾಡಿದಳು. ಬರೀ ಮಜ್ಜಿಗೆ, ಉಪ್ಪುಪ್ಪು ವಾಸನೆ. ಒರೆಸಿ ತೂಗಿದೆ. ಹಿಂದಿನ ತಿಂಗಳಿಗಿಂತ ಒಂದು ಕಿಲೋ ಕಡಿಮೆ. ನಾನು ಆಜಿಯ ಮುಖ ನೋಡಿದೆ.

“ಸಂತಿಗೆ ಕುರಿ ಒಯ್ಯೂಮುಂದ ಉಪ್ಪು ತಿನಿಸಿ ನೀರು ಕುಡಿಸ್ತೀವ್ರಿ. ತೂಕ ಬರ್ತೈತಿ. ಇಕಿಗೂ ಹಂಗ ಮಾಡೇನಿ. ನೀವು ಕಸ್ಕೊಂತೀರಿ ಅಂತ...”

ನಾನು ಕೂಗಾಡಿದೆ. ಎಲ್ಲರೆದುರು ಆ ಮುದುಕಿಯನ್ನು ಬಾಯಿಗೆ ಬಂದಂತೆ ಬೈದೆ. ಆಜಿ ಪೂರ್ತಿ ಕೇಳಿಸಿಕೊಂಡು, ತನ್ನ ಕೋಲನ್ನು ನನ್ನ ಮೇಜಿನ ಮೇಲೆ ಅಡ್ಡ ಇಟ್ಟಳು. ಅದರ ಮೇಲೆ ಚಾಕುವಿನಿಂದ ಕೊರೆದ ಗೆರೆಗಳಿದ್ದವು. ಅಮಾವಾಸ್ಯೆಗೊಮ್ಮೆ ಹುಡುಗಿಯನ್ನು ಕೋಲಿನ ಪಕ್ಕ ನಿಲ್ಲಿಸಿ ಒಂದೊಂದು ಗೆರೆ. ಕೆಳಗಿನವು ಬಿಡಿಬಿಡಿಯಾಗಿದ್ದವು. ಮೇಲೆ ಬರುತ್ತ ಒತ್ತೊತ್ತಾಗಿ, ಕೊನೆಯ ಐದು ಒಂದೇ ಜಾಗದಲ್ಲಿ ಬಿದ್ದು ಅಲ್ಲಿ ಗುಳಿಯಾಗಿತ್ತು.

“ಕೋಲಿಗೆ ನೀರು ಕುಡಿಸಾಕ ಬರೂದಿಲ್ರಿ. ನನಗ ಗೊತ್ತಿತ್ತು. ಹೇಳಾಕ ಅಂಜಿದ್ನಿ” ಎಂದಳು.

ಡಾಕ್ಟರು ರಕ್ತ ತಪಾಸಣೆ ಮಾಡಿಸಿದರು. ಹಳೆಯ ಔಷಧ ನಾಟುತ್ತಿರಲಿಲ್ಲ. ಬೇರೆ ಗುಳಿಗೆ ಶುರುವಾಯಿತು. ಮೊಟ್ಟೆ, ಶೇಂಗಾ, ಬೆಲ್ಲ ತಪ್ಪಿಸಬೇಡಿ ಎಂದು ಹೇಳಿ ಕಳಿಸಿದೆವು. ಮುಂದೆ ಆಜಿಯ ಪ್ರಾಮಾಣಿಕತೆ ಎಷ್ಟು ಹೆಚ್ಚಾಯಿತೆಂದರೆ ಹುಡುಗಿಯನ್ನು ಮೊದಲು ಬಚ್ಚಲಿಗೆ ಒಯ್ದು, ಕಾಲ್ಗೆಜ್ಜೆ ಬಿಚ್ಚಿ, ತಲೆಯ ಪಿನ್ನನ್ನೂ ತೆಗೆದಿಟ್ಟು, “ಈಗ ತೂಗ್ರಿ” ಎನ್ನುತ್ತಿದ್ದಳು. ನಮಗೆಲ್ಲ ನಗು. ಒಂದು ವರ್ಷದಲ್ಲಿ ತೂಕ ಬಂತು. ಎತ್ತರವೂ ಅಷ್ಟಿಷ್ಟು ಬಂತು, ಪೂರ್ತಿ ಬರಲಿಲ್ಲ. ಆಮೇಲೆ ನನಗೆ ಬೇರೆ ವಿಭಾಗಕ್ಕೆ ಬದಲಿಯಾಯಿತು...

ಕಳೆದ ದೀಪಾವಳಿಗೆ ಆ ಹುಡುಗಿ ವಿಳಾಸ ಹುಡುಕಿಕೊಂಡು ಮನೆಗೆ ಬಂದಿದ್ದಳು. ಮಿರಜಿನಲ್ಲಿ ಹೊಲಿಗೆ ಕೆಲಸ ಮಾಡುತ್ತಾಳಂತೆ. ಗುಳಿಗೆ ತಪ್ಪಿಸುವುದಿಲ್ಲ, ಆರೋಗ್ಯವಾಗಿದ್ದಾಳೆ. ನನ್ನ ಭುಜಕ್ಕೂ ಬರುವುದಿಲ್ಲ.

“ಆಜಿ ಹೋಗಿ ಆರು ತಿಂಗಳಾತು, ಮಾವಶಿ. ಕೋಲು ನನ್ನ ಕಡೆನ ಐತಿ. ಬಾಜೂಕ ನಿಂತು ನೋಡಿದ್ನಿ, ತುದಿ ಇನ್ನೂ ಒಂದು ಗೇಣು ಮ್ಯಾಲ ಉಳೀತೈತಿ” ಎಂದು ನಕ್ಕಳು. ಆಮೇಲೆ ಹೇಳಿದಳು: “ಆ ನರ್ಸಬಾಯಿ ಅವತ್ತ ಹಿಡದು ಬೈದಿದ್ದಿಲ್ಲಂದ್ರ ನೀ ಉಳೀತಿದ್ದಿಲ್ಲ ಅಂತ ಆಜಿ ಕಡೀತನಕ ಅಂತಿದ್ಲು. ಅದಕ್ಕ ನಿಮಗ ಭೇಟಿ ಆಗಾಕ ಬಂದೇನಿ.”

ಹಾಸ್ಟೆಲಿನ ಮಾತು ನಾನು ಆಡದೇ ಇದ್ದಿದ್ದರೆ ಆಜಿ ಉಪ್ಪಿನ ಮಜ್ಜಿಗೆ ಕುಡಿಸುತ್ತಲೇ ಇರಲಿಲ್ಲ, ಆ ಐದು ತಿಂಗಳು ಹಾಳಾಗುತ್ತಿರಲಿಲ್ಲ. ಇದನ್ನು ಹುಡುಗಿಗೆ ಹೇಳಬೇಕೆಂದು ಬಾಯಿ ತೆರೆದೆ. ಚಹಾ ಕುಡೀತೀಯೇನು ಎಂದು ಕೇಳಿದೆ.

ಮೊನ್ನೆ ಗಾಡಿಯವನು, “ಉಪ್ಪು ಜಾಸ್ತಿ ಆತೇನ್ರಿ, ನೀರು ಹಾಕ್ಲೇನು?” ಎಂದ. ಬೇಡ ಎಂದು ಲೋಟ ಇಟ್ಟು ಬಂದೆ. ಆಜಿಗೆ ತಪ್ಪಾಯಿತು ಎಂದು ಹೇಳುವುದು ಹಾಗೇ ಉಳಿಯಿತು.