ಹಾಡುಗಾರ್ತಿ ನನ್ನನ್ನು ಆರಿಸಿಕೊಂಡ ಸಂಜೆ

ತೊಂಬತ್ತರ ದಶಕದ ನಡುವೆ ನಾನು ಅಮೆರಿಕದ ಫೇರ್‌ಫ್ಯಾಕ್ಸ್‌ನಲ್ಲಿ ಪ್ರೋಗ್ರಾಮರ್ ಆಗಿದ್ದೆ. ಬೇಸ್‌ಬಾಲಿನ ಹುಚ್ಚು ಹತ್ತಿಸಿದ್ದು ಆಫೀಸಿನ ರೇಡಿಯೋ. ಬ್ಲೂಸ್ ಎಂಬ ವಿರಹದ ಹಾಡುಗಳ ಹುಚ್ಚು ಹತ್ತಿಸಿದ್ದು ಒಂದು ಕ್ಯಾಸೆಟ್. ಆ ಕ್ಯಾಸೆಟ್ಟಿನ ಹಾಡುಗಾರ್ತಿ ಶನಿವಾರ ಸಂಜೆ ಅಟ್ಲಾಂಟಾದಲ್ಲಿ ಹಾಡುತ್ತಾಳೆ, ಭಾನುವಾರ ಮಧ್ಯಾಹ್ನ ಅಲ್ಲೇ ಒಂದು ಬೇಸ್‌ಬಾಲ್ ಪಂದ್ಯವೂ ಇದೆ ಎಂದು ತಿಳಿದಾಗ ರಜೆ ಹಾಕಿ ಕಾರು ಹತ್ತಿದೆ. ಶುಕ್ರವಾರ ದಾರಿಯಲ್ಲಿ ಷಾರ್ಲೆಟ್‌ನಲ್ಲಿ ಸಣ್ಣ ಲೀಗಿನ ಆಟವೊಂದನ್ನು ನೋಡಿ, ಬಿಸಿಲಿಗೆ ಮೂಗು ಸುಟ್ಟುಕೊಂಡು, ಶನಿವಾರ ಮಧ್ಯಾಹ್ನ ಅಟ್ಲಾಂಟಾ ಪಕ್ಕದ ಲಾರೆನ್ಸ್‌ವಿಲ್‌ನಲ್ಲಿ ಪರಿಚಯದವರ ಮನೆ ತಲುಪಿದೆ.

ಆ ಮನೆಯ ಆಂಟಿ ಮೈಸೂರಿನವರು. ಬಾಗಿಲು ತೆಗೆದವರೇ ನನ್ನ ಬೆನ್ನ ಹಿಂದೆ ಇಣುಕಿದರು.

"ಒಬ್ಳೇ ಡ್ರೈವ್ ಮಾಡ್ಕೊಂಡ್ ಬಂದ್ಯಾ? ಜೊತೇಲಿ ಫ್ರೆಂಡ್ಸೂ ಇಲ್ವಾ?"

ಊಟಕ್ಕೆ ಬಡಿಸುತ್ತ, ಇಂಥವಳನ್ನು ಯಾವ ಗಂಡಿಗೆ ಅಂತ ತೋರಿಸುವುದು ಎಂದು ಅಂಕಲ್ ಹತ್ತಿರ, ನನಗೆ ಕೇಳುವಂತೆಯೇ ಹೇಳಿದರು. ನಾನು ಸಾರನ್ನ ಕಲಸಿಕೊಂಡು ಉಂಡೆ. ಸಂಜೆ ಆ ದನಿಯನ್ನು ಎದುರಿಗೇ ಕೇಳುತ್ತೇನಲ್ಲ, ಉಳಿದದ್ದು ಏನಾದರೇನು.

ಕ್ಲಬ್ಬು ಚಿಕ್ಕದು. ಬೇಗ ಹೋಗಿ ವೇದಿಕೆಯ ಬುಡದಲ್ಲೇ ಕೂತೆ. ಹಾಡುಗಾರ್ತಿ ಅರವತ್ತು ದಾಟಿದ ಹೆಂಗಸು. ಮೊದಲ ಹಾಡಿಗೇ ನನ್ನ ಕಣ್ಣು ತುಂಬಿತು. ಅದನ್ನು ಅವಳು ನೋಡಿಬಿಟ್ಟಳು. ಬ್ಯಾಂಡ್ ನಿಲ್ಲಿಸಿ, ಯಾರು ಬಿಟ್ಟುಹೋದರು ಮಗಳೇ ಎಂದು ಕೇಳಿದಳು. ಯಾರೂ ಇಲ್ಲ, ನಿಮ್ಮ ಹಾಡು ಕೇಳಲು ಒಬ್ಬಳೇ ಬಂದೆ ಎಂದೆ. ನನ್ನ ಉಚ್ಚಾರಣೆಯನ್ನು ಹಾಗೇ ಅಣಕಿಸುತ್ತ ಆ ಮಾತನ್ನು ಅವಳು ಮೈಕಿಗೆ ಒಪ್ಪಿಸಿದಳು. ಜನ ನಕ್ಕರು. ಗಿಟಾರಿನವನು ತಾಳ ಹಿಡಿದ. ಬಿಟ್ಟುಹೋಗುವುದಕ್ಕೂ ಗಂಡಸೊಬ್ಬ ಮೊದಲು ಬರಬೇಕಲ್ಲ ಎಂದು ಅಲ್ಲೇ ಪದ ಕಟ್ಟಿ ಹಾಡಿದಳು. ಚೆನ್ನಾಗಿ ಹಾಡಿದಳು, ಕಷ್ಟ ಅದೇ. ಇಡೀ ಕೋಣೆ ಮೇಜು ಬಡಿಯಿತು. ನಾನೂ ಹಲ್ಲು ಬಿಟ್ಟು ಕೂತಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ ಕ್ಯಾಸೆಟ್ ಹಿಡಿದು ಅವಳ ಬಳಿ ಹೋಗಿ, ನನ್ನನ್ನೇ ಯಾಕೆ ಎಂದು ಕೇಳಿದೆ. ಅವಳು ಕತ್ತಿನ ಬೆವರು ಒರೆಸಿಕೊಂಡಳು.

"ದಿನಾ ಒಬ್ಬರು ಬೇಕಮ್ಮ. ಇವತ್ತು ನೀನು ಸಿಕ್ಕೆ."

ಹಾಗೆಂದು ಸಹಿ ಹಾಕಿ ಕೊಟ್ಟಳು.

ಮರುದಿನ ಸ್ಟೇಡಿಯಂನಲ್ಲಿ ಊರಿನ ತಂಡದ ಪಿಚರ್ ಎಸೆದ ಚೆಂಡುಗಳನ್ನೆಲ್ಲ ಎದುರಾಳಿಗಳು ಚಚ್ಚಿದರು. ಕೊನೆಗೆ ಮ್ಯಾನೇಜರ್ ಮೈದಾನಕ್ಕೆ ಬಂದು ಅವನ ಕೈಯಿಂದ ಚೆಂಡು ತೆಗೆದುಕೊಂಡು ಆಟದಿಂದ ಹೊರಗೆ ಕಳಿಸಿದ. ಅವನು ತಲೆ ತಗ್ಗಿಸಿ ನಡೆದು ಹೋಗುವಾಗ ಸಾವಿರಾರು ಜನ ಸೇರಿ ಛೀಮಾರಿ ಹಾಕಿದರು. ನಾನೂ ಎದ್ದು ನಿಂತೆ. ಗೊತ್ತಿದ್ದ ಕನ್ನಡದ ಬೈಗುಳಗಳನ್ನೆಲ್ಲ ಅವನ ಮೇಲೆ ಸುರಿದೆ. ಅರ್ಥವಾಗದಿದ್ದರೂ ಪಕ್ಕದವನು ಮೆಚ್ಚಿಕೊಂಡು ಬೆನ್ನು ತಟ್ಟಿದ. ಪಿಚರ್ ಒಳಗೆ ಮರೆಯಾದ ಮೇಲೂ, ಗಂಟಲು ಕಟ್ಟುವವರೆಗೆ ಕೂಗಿದೆ. ಎಷ್ಟೋ ಹಾಯೆನಿಸಿತು.