ಮೂರನೆಯ ಪುತಳಿ

ಆಳಂದದ ಕಾಲೇಜೊಂದರಲ್ಲಿ ನಾನು ವರ್ಷಗಟ್ಟಲೆ ಇತಿಹಾಸ ಕಲಿಸಿದವಳು. ಫಿರಂಗಿಗಳು, ಅಂದರೆ ಯುರೋಪಿನ ವ್ಯಾಪಾರಿಗಳು, ಕಡಲ ದಾರಿಯಿಂದ ಬಂದ ಪಾಠ ಬಂದರೆ ನನ್ನ ದನಿ ತಾನಾಗಿ ಏರುತ್ತಿತ್ತು. ಸರಕು ಇಡಲು ಒಂದಿಷ್ಟು ಜಾಗ ಕೊಡಿ ಅಂದರು, ಕೊಟ್ಟೆವು. ಕಳ್ಳರ ಕಾಟ, ಸುತ್ತ ಗೋಡೆ ಕಟ್ಟಿಕೊಳ್ಳುತ್ತೇವೆ ಅಂದರು, ಕಟ್ಟಲಿ ಅಂದೆವು. ಗೋಡೆ ಎದ್ದ ಮೇಲೆ ಅದರ ಮೇಲೆ ಗುಂಡು ಹಾರಿಸುವ ತೋಪು ಬಂತು. ಬಂದವರ ಮೇಲೆ ಸುಲ್ತಾನರ ಅಧಿಕಾರಿಗಳಿಗೆ ಗುಮಾನಿ, ಅಧಿಕಾರಿಗಳ ತಕ್ಕಡಿಯ ಮೇಲೆ ಬಂದವರಿಗೆ ಗುಮಾನಿ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾನು ಹೇಳಿದರೆ ಹುಡುಗರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಗುಮಾನಿಯ ಬಿಸಿ ಆಗಿನ್ನೂ ನನ್ನ ಮೈಗೆ ತಾಗಿರಲಿಲ್ಲ.

ತಾಗಿದ್ದು ಅತ್ತೆಯ ಮನೆಯ ಪುತಳಿ ಸರದಿಂದ. ಅವರ ಮನೆ ಜೇವರ್ಗಿ ಹತ್ತಿರದ ಕೊಳಕೂರಿನಲ್ಲಿ. ಹಿಂದಿನವರು ಎತ್ತಿನ ಮೇಲೆ ಅರಿವೆಯ ಹೇರು ಹಾಕಿಕೊಂಡು ಕಡಲ ಕಡೆಗೆ ಹೋಗುತ್ತಿದ್ದರಂತೆ, ಬರುವಾಗ ಬಂಗಾರ ತರುತ್ತಿದ್ದರಂತೆ. ಆ ಕಾಲದ್ದೆಂದು ಹೇಳುವ ಏಳು ಬಂಗಾರದ ನಾಣ್ಯಗಳನ್ನು ರೇಷ್ಮೆ ದಾರದಲ್ಲಿ ಪೋಣಿಸಿದ್ದೇ ಪುತಳಿ ಸರ. ಪ್ರತಿ ನಾಣ್ಯದ ಒಂದು ಮಗ್ಗುಲಲ್ಲಿ ನಿಂತವನೊಬ್ಬ, ಅವನ ಮುಂದೆ ಮೊಣಕಾಲೂರಿದವನೊಬ್ಬ, ನಡುವೆ ಒಂದು ಕೋಲು. ಇನ್ನೊಂದು ಮಗ್ಗುಲಲ್ಲಿ ಮೊಟ್ಟೆಯಾಕಾರದ ಗೆರೆ, ಅದರೊಳಗೆ ಒಬ್ಬ ಮನುಷ್ಯ. ಬಸವಣ್ಣನ ಮಾತು ನಂಬಿದ ಮನೆ ಅದು. ಅವರಿಗೆ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ. ನಿಂತವನು ಗುರು, ಮೊಣಕಾಲೂರಿದವನು ದೀಕ್ಷೆ ಪಡೆಯುವ ಶಿಷ್ಯ. ಹಿಂದಿನ ಮೊಟ್ಟೆಯಾಕಾರ ಲಿಂಗ, ಒಳಗಿರುವವನು ಲಿಂಗದಲ್ಲಿ ಬೆರೆತ ಶರಣ. ಅತ್ತೆ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಸರವನ್ನು ಕಣ್ಣಿಗೊತ್ತಿಕೊಂಡು ಮತ್ತೆ ಪೆಟ್ಟಿಗೆಯಲ್ಲಿಡುತ್ತಿದ್ದಳು. ನನ್ನ ಮದುವೆಯಲ್ಲಿ ನಾನೂ ಅದನ್ನು ಹಾಕಿಕೊಂಡಿದ್ದೆ. ಆದರೆ ಕೊರಳಲ್ಲಿರುವುದು ಊರಿಗೆಲ್ಲ ಕಾಣುತ್ತದೆ, ಹಾಕಿಕೊಂಡವಳಿಗೆ ಕಾಣುವುದಿಲ್ಲ.

ಮದುವೆಯಾದ ಎರಡನೆಯ ವರ್ಷ ಅತ್ತೆ ಪೆಟ್ಟಿಗೆಯ ಕೀಲಿಯನ್ನು ನನ್ನ ಕೈಗೆ ಕೊಟ್ಟಳು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಮಾತು ಇರಲಿಲ್ಲ. ಕಾಲೇಜಿಗೆ ಹೋಗುವ ಸೊಸೆ, ಓದಿದವಳು, ಇವಳು ನಮ್ಮವಳಾಗುತ್ತಾಳೋ ಇಲ್ಲವೋ ಎಂದು ಎಲ್ಲರೂ ನೋಡುತ್ತಿದ್ದರು. ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡ ದಿನ ನಾನು ಆ ಮನೆಯವಳಾದೆ ಅನ್ನಿಸಿತ್ತು.

ಅದೇ ವರ್ಷ ನಾದಿನಿಗೆ ಅಫಜಲಪುರದ ಕಡೆ ಗಂಡು ಗೊತ್ತಾಯಿತು. ಸರದ ದಾರ ನವೆದಿತ್ತು, ಎರಡು ಪುತಳಿಗಳ ಕೊಂಡಿ ಸಡಿಲಾಗಿತ್ತು. ಜೇವರ್ಗಿ ಬಜಾರಿನ ಪತ್ತಾರನ ಹತ್ತಿರ, ಅಂದರೆ ಬಂಗಾರ ಕೆಲಸದವನ ಹತ್ತಿರ, ಒಯ್ದು ಸರಿಮಾಡಿಸುವ ಕೆಲಸ ನನಗೆ ಬಂತು. ಹೊರಡುವಾಗ ಅತ್ತೆ ಒಂದೇ ಮಾತು ಹೇಳಿದಳು.

"ಕೆಲಸ ಮುಗಿಯೂತನಾ ಎದುರಿಗೆ ಕೂಡು. ಕಣ್ಣು ತಗೀಬ್ಯಾಡ."

ಅದು ನಮ್ಮ ಕಡೆಯ ಹಳೆಯ ಪದ್ಧತಿ. ಬಂಗಾರ ಪತ್ತಾರನ ಕೈಗೆ ಹೋದರೆ ಮನೆಯ ಹೆಂಗಸೊಬ್ಬಳು ಎದುರು ಕೂತು ಕೊನೆಯತನಕ ನೋಡಬೇಕು. ಅಕ್ಕನ ಚಿನ್ನವಾದರೂ ಅಕ್ಕಸಾಲಿಗ ಬಿಡ ಎಂಬ ಗಾದೆ ಕೇಳಿ ಬೆಳೆದ ಜನ ನಾವು. ಪತ್ತಾರರೂ ಬೇಸರ ಮಾಡಿಕೊಳ್ಳುವುದಿಲ್ಲ. ಕೂಡಲು ಚಾಪೆ ಹಾಸಿ, ಒಂದು ತಂಬಿಗೆ ನೀರು ಇಡುತ್ತಾರೆ.

ನಾನು ಕೂತೆ. ಪತ್ತಾರ ವಯಸ್ಸಾದವನು, ಮಾತು ಕಡಿಮೆ. ಒಂದು ತಾಸು ಕಳೆಯಿತು. ಕೊಳಕೂರಿಗೆ ಹೋಗುವ ಬಸ್ಸು ತಪ್ಪಿದರೆ ಏನು ಗತಿ ಎಂದು ನನಗೆ ಚಡಪಡಿಕೆ. "ಬಸ್ ಯಾವಾಗದ ಕೇಳಿ ಬರ್ತೀನ್ರಿ" ಎಂದು ಎದ್ದು ಸ್ಟ್ಯಾಂಡಿಗೆ ಹೋದೆ. ಹತ್ತು ನಿಮಿಷ ಆಗಿರಬಹುದು. ತಿರುಗಿ ಬಂದಾಗ ಆತ ಸರವನ್ನು ತಟ್ಟೆಯಲ್ಲಿಟ್ಟು ಎರಡೂ ಕೈ ಕಟ್ಟಿಕೊಂಡು ಸುಮ್ಮನೆ ಕೂತಿದ್ದ. ಮುದುಕ ಆಲಸಿ, ನಾನು ಅತ್ತ ಹೋದೊಡನೆ ಕೆಲಸ ನಿಲ್ಲಿಸಿದ್ದಾನೆ ಎಂದು ನನಗೆ ಸಿಟ್ಟು ಬಂತು. ನಾನು ಕೂತ ಮೇಲೆ ಮತ್ತೆ ಶುರುಮಾಡಿದ.

ಮರುದಿನ ನಾದಿನಿ ಕನ್ನಡಿ ಮುಂದೆ ನಿಂತು ಸರ ಹಾಕಿ ನೋಡಿದಳು. ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಒಂದೊಂದೇ ಪುತಳಿ ತಿರುವಿದಳು.

"ವೈನಿ, ಈ ಮೂರನೇದು ಬ್ಯಾರೆ ಅದಲ್ಲ?"

ನೋಡಿದೆ. ಬೇರೆಯೇ ಇತ್ತು. ಉಳಿದ ಆರರಲ್ಲಿ ಅಂಚಿನ ಸುತ್ತ ಬರೀ ಚುಕ್ಕಿ, ಗೀಟು. ಗುರುವಿನ ಹಣೆಯ ಮೇಲೆ ವಿಭೂತಿಯ ಹಾಗೆ ಮೂರು ಗೆರೆ. ಮೂರನೆಯದರಲ್ಲಿ ಗೆರೆಗಳಿಲ್ಲ, ಶಿಷ್ಯನ ತಲೆಯ ಮೇಲೆ ಕೊಂಬಿನಂಥ ಮೊನೆಯ ಟೋಪಿ, ಅಂಚಿನಲ್ಲಿ ಸ್ಪಷ್ಟವಾಗಿ ಯಾವುದೋ ದೇಶದ ಅಕ್ಷರ.

"ಪತ್ತಾರನ ಮುಂದ ಪೂರಾ ಕೂತಿದ್ರೇನು?" ಅಂದಳು ನಾದಿನಿ.

ಸುಳ್ಳು ಹೇಳಲಿಲ್ಲ. ಹತ್ತು ನಿಮಿಷದ ವಿಷಯ ಹೇಳಿದೆ. ನೀನು ಬದಲಿಸಿದೆ ಎಂದು ಯಾರೂ ಬಾಯಿ ಬಿಟ್ಟು ಅನ್ನಲಿಲ್ಲ. ಅಂದಿದ್ದರೆ ಜಗಳ ಆಡಬಹುದಿತ್ತು. ನಾನಾಗಿ ಹೆಚ್ಚು ಮಾತಾಡಿದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ಆಗುತ್ತದೆ ಎಂಬ ಅಂಜಿಕೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು, ಸರ ತಗೊಂಡಳು, ನನ್ನ ಮುಂದೆ ಕೈ ಚಾಚಿದಳು. ನಾನು ಕೀಲಿ ಬಿಚ್ಚಿ ಕೊಟ್ಟೆ. ಅವಳು ಅದನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಜೋಳ ಹಸನು ಮಾಡಲು ಹೋದಳು.

ಎಂಟು ದಿನ ಆ ಮನೆಯಲ್ಲಿ ಹೇಗೆ ಉಂಡೆನೋ ನನಗೇ ಗೊತ್ತು. ನಾನು ಅಡುಗೆಮನೆಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ನಾನೂ ಕಡಿಮೆಯವಳಲ್ಲ, ನನ್ನ ಗುಮಾನಿಯೆಲ್ಲ ಪತ್ತಾರನ ಮೇಲೆ. ಆ ಕಟ್ಟಿದ ಕೈ ಕಣ್ಣ ಮುಂದೆ ಬರುತ್ತಿತ್ತು. ಕಳ್ಳನಿಗೆ ಎಷ್ಟು ಸಮಾಧಾನ ನೋಡು ಎಂದು ಹಲ್ಲು ಕಡಿಯುತ್ತಿದ್ದೆ.

ಕೊನೆಗೆ ನಾದಿನಿಯನ್ನೂ ಸರವನ್ನೂ ಜೊತೆಗೆ ಕರೆದುಕೊಂಡು ಜೇವರ್ಗಿಗೆ ಹೋದೆ. ಹೋದವಳೇ ಬಾಯಿ ಮಾಡಿದೆ. ಪತ್ತಾರ ಮರುಮಾತಾಡದೆ ಒರೆಗಲ್ಲು ತಗೊಂಡ. ಒಂದೊಂದೇ ಪುತಳಿಯನ್ನು ಮೆಲ್ಲಗೆ ಉಜ್ಜಿ ಕಲ್ಲನ್ನು ನಮ್ಮ ಕಡೆ ತಿರುಗಿಸಿದ. ಮೂರನೆಯದರ ಗೆರೆ ಉಳಿದ ಆರಕ್ಕಿಂತ ಹಳದಿಯಾಗಿ ಹೊಳೆಯುತ್ತಿತ್ತು.

"ಇದ ಅಸಲಿ ಫಿರಂಗಿ ಪುತಳಿರಿ ತಾಯಿ, ಚೊಕ್ಕ ಬಂಗಾರ. ಉಳಿದ ಆರು ಇದರ ನಕಲು. ನಮ್ಮ ಹಿರ್‍ಯಾರು ಯಾರೋ ಮಾಡ್ಯಾರ. ಅಕ್ಷರ ಓದಾಕ ಬರಲಾರದ್ದಕ್ಕ ಚುಕ್ಕಿ ಹೊಡದಾರ. ಯಾವ ಕಳ್ಳ ಕಡಿಮಿ ಬಂಗಾರ ಒಯ್ದು ಚೊಕ್ಕದ್ದು ಇಟ್ಟು ಹೋಗ್ತಾನ್ರಿ?"

ನಾದಿನಿ ನೆಲ ನೋಡಿದಳು. ನಾನು ಇನ್ನೂ ಬಿಡಲಿಲ್ಲ. "ಅವತ್ತ ನಾ ಹೋದಾಗ ಕೈ ಕಟ್ಕೊಂಡು ಯಾಕ ಕೂತಿದ್ರಿ?"

"ನೀವು ಎದ್ದು ಹೋದ್ರಿ. ನೋಡವರು ಇಲ್ಲದಾಗ ನಾವು ಗಿರಾಕಿ ಬಂಗಾರ ಮುಟ್ಟಂಗಿಲ್ಲರಿ. ನಮ್ಮಪ್ಪ ಹಾಕಿಕೊಟ್ಟ ರಿವಾಜು."

ಕೂತು ನೋಡಬೇಕು ಎಂಬುದು ನಮ್ಮ ಪದ್ಧತಿ ಎಂದಷ್ಟೇ ನನಗೆ ಗೊತ್ತಿತ್ತು. ಅದರ ಇನ್ನರ್ಧ ಆತನ ಕಡೆ ಇತ್ತು. ತಪ್ಪಾಯಿತು ಅಂದೆ. "ಇರಲಿ ಬಿಡ್ರಿ" ಅಂದು ಆತ ನೀರಿನ ತಂಬಿಗೆ ಮುಂದೆ ಸರಿಸಿದ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆವು. ಅವಳು ಸರ ತಗೊಂಡು, ಕಣ್ಣು ಮುಚ್ಚಿ, ಬೆರಳಲ್ಲೇ ಸವರಿ ಮೂರನೆಯದನ್ನು ಹಿಡಿದಳು.

"ಇದು ಮೊದಲಿಂದ ಹಿಂಗ ಅದ. ನಾ ಹೊಸದಾಗಿ ಬಂದಾಗ ನಮ್ಮತ್ತಿ ಇದಕ್ಕೇ ನನ್ನ ಮ್ಯಾಲ ಶಕ್ ಮಾಡಿದ್ಲು."

"ಗೊತ್ತಿತ್ತು?" ನನಗೆ ನಂಬಲಾಗಲಿಲ್ಲ. "ಮತ್ತ ಎಂಟು ದಿನ ಯಾಕ ಸುಮ್ಮನಿದ್ರಿ?"

"ನೀ ಏನಂತಿ, ಏನ್ ಮಾಡ್ತಿ ನೋಡೂಣು ಅಂತ."

ಕೀಲಿ ಬಿಚ್ಚಿ ನನ್ನ ಮಡಿಲಿಗೆ ಹಾಕಿದಳು. ನಾನು ಅವತ್ತು ಊಟ ಮಾಡಲಿಲ್ಲ. ಅವಳ ಮೇಲೆ ಅಷ್ಟು ಸಿಟ್ಟು ಆ ಮೇಲೆಂದೂ ಬರಲಿಲ್ಲ.

ಮುಂದೆ ಗ್ರಂಥಾಲಯದ ಪುಸ್ತಕವೊಂದರಲ್ಲಿ ಅಂಥದ್ದೇ ನಾಣ್ಯದ ಚಿತ್ರ ಕಂಡೆ. ಕಡಲಾಚೆಯ ವೆನಿಸ್ ಎಂಬ ವ್ಯಾಪಾರಿ ಊರಿನದು. ನಿಂತವನು ಅವರ ಸಂತ, ಮೊಣಕಾಲೂರಿದವನು ಆ ಊರಿನ ದೊರೆ, ಹಿಂದಿನ ಮಗ್ಗುಲಲ್ಲಿ ನಕ್ಷತ್ರಗಳ ನಡುವೆ ಏಸು. ಆ ಹೊತ್ತಿಗೆ ಸಿಟ್ಟು ಇಳಿದಿತ್ತು, ಅತ್ತೆಗೆ ಹೇಳಿದೆ. ಬೇಸರಪಟ್ಟಾಳು ಎಂದುಕೊಂಡಿದ್ದರೆ ಅವಳು ಪುತಳಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಮೊಣಕಾಲೂರಿದವ ಶಿಷ್ಯಾನ ಹೌದಲ್ಲ, ಯಾವ ದೇಶದವನಾದ್ರ ಏನು? ಆದರ ಕೋಲು ನೋಡು. ಕೊಟ್ಟವ ಕೈ ಬಿಟ್ಟಿಲ್ಲ, ತಗೊಂಡವನೂ ಬಿಟ್ಟಿಲ್ಲ. ಒಬ್ಬರ ಮ್ಯಾಲ ಒಬ್ಬರಿಗೆ ನಂಬಿಗಿ ಇಲ್ಲ."

ಇಬ್ಬರ ಕೈಯೂ ಕೋಲಿನ ಮೇಲಿದ್ದದ್ದು ನಾನು ಅಲ್ಲಿಯತನಕ ಗಮನಿಸಿರಲಿಲ್ಲ. ಆಮೇಲೆ ಆ ಪಾಠ ಮಾಡುವಾಗೆಲ್ಲ ಹುಡುಗರಿಗೆ ಈ ಮಾತು ಹೇಳಿದೆ, ಯಾರದು ಎಂದು ಮಾತ್ರ ಹೇಳಲಿಲ್ಲ.

ಈಗ ಅತ್ತೆ ಇಲ್ಲ. ಕಳೆದ ವರ್ಷ ನನ್ನ ಮಗನ ಮದುವೆಯಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಬಂತು. ಸೊಸೆ ಕಲಬುರಗಿಯ ಬ್ಯಾಂಕಿನಲ್ಲಿ ಕೆಲಸದವಳು, ಚುರುಕು, ನಗುಮುಖ. ಹೋದ ತಿಂಗಳು ಭೂಸನೂರಿನಲ್ಲಿ ಅವಳ ಕಾಕಾನ ಮಗಳ ಮದುವೆಗೆ ಸರ ಕೇಳಿ ಒಯ್ದಳು. ನಾಲ್ಕು ದಿನಕ್ಕೆ ತಂದು ಮುಂದೆ ಹಿಡಿದಳು. ನನ್ನ ಬೆರಳು, ನಾನು ಹೇಳದೆಯೇ, ನೇರ ಮೂರನೆಯ ಪುತಳಿಗೆ ಹೋಯಿತು. ಅದನ್ನು ಅವಳು ನೋಡಿದಳು.

"ನೋಡಿ ತಗೋರಿ ಅತ್ತಿ," ಎಂದು ಮೊಬೈಲು ತೆಗೆದಳು. "ಒಯ್ಯೂ ಮುಂಚೆ ನಾನೂ ಎಲ್ಲಾ ಪುತಳಿದು ಎರಡೂ ಕಡೆ ಫೋಟೊ ಹೊಡಕೊಂಡೀನಿ."

"ಯಾಕ ಬೇ?"

"ನಾಳೆ ನೀವು ಬದಲಾಗ್ಯಾದ ಅಂದ್ರ ನಾ ಏನ್ ತೋರಿಸ್ಲಿ?"

ನಗು ಬರಲಿಲ್ಲ ನನಗೆ. ಮೂರನೆಯದು ಬೇರೆ ಇದೆ ಎಂದು ಅವಳಿಗೆ ಮೊದಲೇ ಹೇಳಬಹುದಿತ್ತು. ಒಂದು ವರ್ಷ ಜೊತೆಗಿದ್ದಾಳೆ, ಹೇಳಿರಲಿಲ್ಲ. ಮರೆತೆ ಎನ್ನಲು ಬಾಯಿ ಬರಲಿಲ್ಲ, ಮರೆತಿರಲಿಲ್ಲ.

"ಮೂರನೇದು ಬ್ಯಾರೆ ಅದ ಬೇ," ಅಂದೆ. "ಮೊದಲಿಂದ ಹಂಗ ಅದ."

"ಗೊತ್ತದರಿ. ಫೋಟೊ ದೊಡ್ಡದು ಮಾಡಿದಾಗ ಕಂಡದ."

"ಮತ್ತ ನನಗ ಯಾಕ ಕೇಳಲಿಲ್ಲ?"

ಅವಳು ಮೊಬೈಲು ಬದಿಗಿಟ್ಟಳು.

"ನೀವಾಗೇ ಹೇಳ್ತೀರೇನು ನೋಡೂಣು ಅಂತ."

ಸರದ ಒಂದು ತುದಿ ಇನ್ನೂ ಅವಳ ಕೈಯಲ್ಲಿತ್ತು, ಇನ್ನೊಂದು ನನ್ನ ಕೈಯಲ್ಲಿ.